ಒಂದನ್ನು ಮಾತ್ರ ಆರಿಸಿ

ಬೆಂಗಳೂರಿನಲ್ಲಿ ಯಾರಾದರೂ ಊರು ಕೇಳಿದಾಗ "ಬಳ್ಳಾರಿ" ಅಂದರೆ ಮುಂದಿನ ಮೂರು ಪ್ರಶ್ನೆಗಳು ಯಾವುವು ಅಂತ ನನಗೆ ಮೊದಲೇ ಗೊತ್ತಿರುತ್ತೆ. ಒಂದು, "ಅಲ್ಲಿ ಸಿಕ್ಕಾಪಟ್ಟೆ ಬಿಸಿಲಂತೆ?" ಎರಡು, "ನಿಮ್ಮದೂ ಗಣಿ ಇದೆಯಾ?" ಇದು ಜೋಕು, ನಗಬೇಕು. ಮೂರನೆಯದು, "ಮನೇಲಿ ಮಾತಾಡೋದು ಕನ್ನಡಾನಾ, ತೆಲುಗಾ?"

ಮೊದಲಿನ ಎರಡಕ್ಕೆ ಉತ್ತರ ಸಲೀಸು. ನಮ್ಮೂರಲ್ಲಿ ಇರೋದೇ ಎರಡು ಕಾಲ, ಬೇಸಿಗೆ ಮತ್ತು ಬಿರುಬೇಸಿಗೆ. ಗಣಿ ಇದ್ದಿದ್ದರೆ ನಾನು ದಿನಾ ಬೆಳಿಗ್ಗೆ ಲ್ಯಾಪ್‌ಟಾಪ್ ಬ್ಯಾಗು ಹೊತ್ತು ಔಟರ್ ರಿಂಗ್ ರೋಡಿನಲ್ಲಿ ಬಸ್ಸಿಗೆ ಕಾಯುತ್ತಿರಲಿಲ್ಲ. ಮೂರನೆಯ ಪ್ರಶ್ನೆಗೆ ಮಾತ್ರ ಹತ್ತು ವರ್ಷಕ್ಕೂ ಮೇಲೆ ಒಂದೇ ಉತ್ತರ ಕೊಡುತ್ತಾ ಬಂದಿದ್ದೇನೆ. "ಕನ್ನಡಾನೇ. ಪಕ್ಕಾ." ಅದು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ.

ಅಪ್ಪನ ಊರು ಸಿರುಗುಪ್ಪ ತಾಲ್ಲೂಕಿನ ಒಂದು ಹಳ್ಳಿ. ತುಂಗಭದ್ರೆಯ ಕಾಲುವೆ, ಕಣ್ಣು ಹಾಯಿಸಿದಷ್ಟೂ ಭತ್ತ, ಮನೆಯಲ್ಲಿ ಕನ್ನಡ. ಅಮ್ಮನ ತವರು ಬಳ್ಳಾರಿಯ ಬ್ರೂಸ್‌ಪೇಟೆ, ಅಲ್ಲಿ ಮನೆಮಾತು ತೆಲುಗು. ಜಾತಿ ಒಂದೇ, ಮನೆದೇವರು ಒಂದೇ, ಮಾತು ಮಾತ್ರ ಬೇರೆ. ನಮ್ಮ ಕಡೆ ಇಂಥ ಸಂಬಂಧಕ್ಕೆ ವಿಶೇಷ ಹೆಸರೇನೂ ಇಲ್ಲ. ಮದುವೆ ಅಂತಾರೆ, ಅಷ್ಟೆ.

ಹಳ್ಳಿಯಲ್ಲಿ ಹತ್ತನೇ ಕ್ಲಾಸು ಮುಗಿಸಿ ಪಿಯುಸಿಗೆ ಬಳ್ಳಾರಿಗೆ ಬಂದೆ. ಪಿಯುಸಿ ಎರಡು ವರ್ಷ, ಬಿಇ ನಾಲ್ಕು ವರ್ಷ, ಒಟ್ಟು ಆರು ವರ್ಷ ಬ್ರೂಸ್‌ಪೇಟೆಯಲ್ಲಿ ಅವ್ವನ ಮನೆಯಲ್ಲಿದ್ದೆ. ಅವ್ವ ಅಂದರೆ ಅಮ್ಮನ ಅಮ್ಮ. ಇಲ್ಲಿ ಒಂದು ನಿಮಿಷ ನಿಲ್ಲಬೇಕು. ಧಾರವಾಡ, ಹುಬ್ಬಳ್ಳಿ ಕಡೆಯವರಿಗೆ ಅವ್ವ ಅಂದರೆ ತಾಯಿ. ರಾಯಲಸೀಮೆಯ ತೆಲುಗಿನಲ್ಲಿ ಅವ್ವ ಅಂದರೆ ಅಜ್ಜಿ. ಆಫೀಸಿನಲ್ಲಿ ಧಾರವಾಡದ ಗೆಳೆಯನೊಬ್ಬ ನನ್ನ ಫೋನಿನ ಮೇಲೆ "ಅವ್ವ" ಅಂತ ಹೆಸರು ಬಂದದ್ದು ನೋಡಿ, "ನಿಮ್ಮ ತಾಯಾರು ಫೋನ್ ಮಾಡ್ಯಾರ ನೋಡಪಾ" ಅಂದಿದ್ದ. ನಾನು ತಿದ್ದಲು ಹೋಗಲಿಲ್ಲ. ತಿದ್ದಿದರೆ ಮೂರನೇ ಪ್ರಶ್ನೆ ಬರುತ್ತಿತ್ತು.

ಅವ್ವನ ಮನೆ ಬೆಂಗಳೂರು ರಸ್ತೆಯ ಬಟ್ಟೆ ಅಂಗಡಿಗಳ ಹಿಂದಿನ ಓಣಿಯಲ್ಲಿ. ಹಳೇ ಮಾಳಿಗೆ ಮನೆ. ಬೇಸಿಗೆ ರಾತ್ರಿ ಒಳಗೆ ಮಲಗೋದು ಅಸಾಧ್ಯ, ಮಾಳಿಗೆ ಮೇಲೆ ನೀರು ಚಿಮುಕಿಸಿ ಚಾಪೆ ಹಾಸಿಕೊಳ್ಳುತ್ತಿದ್ದೆವು. ಅಲ್ಲಿಂದ ನೋಡಿದರೆ ಬಳ್ಳಾರಿ ಗುಡ್ಡ. ಹಗಲೆಲ್ಲಾ ಕಾದ ಬಂಡೆ ನಡುರಾತ್ರಿಯವರೆಗೂ ಊರಿನ ಮೇಲೆ ಬಿಸಿ ಉಸಿರು ಬಿಡುತ್ತಿತ್ತು. ಸಂಜೆ ಓಣಿ ತುದಿಯ ಬಂಡಿಯಲ್ಲಿ ಮಂಡಾಳು ವಗ್ಗರಣಿ, ಮಿರ್ಚಿ. ಪರೀಕ್ಷೆ ಇರಲಿ, ಜ್ವರ ಇರಲಿ, ಅದು ತಪ್ಪುತ್ತಿರಲಿಲ್ಲ.

ಅವ್ವ ದುಡ್ಡು ಎಣಿಸುತ್ತಿದ್ದದ್ದು ತೆಲುಗಿನಲ್ಲಿ. ಬೈಯುತ್ತಿದ್ದದ್ದು ಕನ್ನಡದಲ್ಲಿ. ತರಕಾರಿ ಗಾಡಿ ಬಂದರೆ ಬಾಗಿಲಿಂದಲೇ "ಕಿತ್ತೇಕು ದೇತೇ ಭಾಯ್?" ಅಂತ ಉರ್ದುವಿನಲ್ಲಿ ಚೌಕಾಸಿ. ಕನಕದುರ್ಗಮ್ಮನ ಗುಡಿಗೆ ಹೋದರೆ ಕಷ್ಟ ಹೇಳಿಕೊಳ್ಳುತ್ತಿದ್ದದ್ದು ಮೂರನ್ನೂ ಕಲಸಿ. ದುರ್ಗಮ್ಮ ಅರ್ಥವಾಗಲಿಲ್ಲ ಅಂತ ಯಾವತ್ತೂ ಹೇಳಿದ್ದಿಲ್ಲ. ಆಗ ಇದರಲ್ಲಿ ವಿಶೇಷ ಏನೂ ಕಾಣುತ್ತಿರಲಿಲ್ಲ. ಓಣಿಯ ಎಲ್ಲರೂ ಹೀಗೇ ಇದ್ದರು. ವಿಶೇಷ ಅಂತ ಅನ್ನಿಸಿದ್ದು ಬೆಂಗಳೂರಿಗೆ ಬಂದ ಮೇಲೆ. ಅದು ಹೇಗೆ ಬಂತು ಅಂತ ಹುಡುಕುತ್ತಾ ಹೋದದ್ದು ಇನ್ನೂ ಈಚೆಗೆ.

ಬ್ರೂಸ್‌ಪೇಟೆ ಅನ್ನೋ ಹೆಸರಿನಿಂದಲೇ ಶುರು ಮಾಡೋಣ. ಕಾಲೇಜಿನಲ್ಲಿದ್ದಾಗ ಗೆಳೆಯರು "ಬ್ರೂಸ್ ಲೀ ಪೇಟೆ" ಅಂತ ಕಾಡಿಸುತ್ತಿದ್ದರು. ಆಮೇಲೆ ಸ್ವಲ್ಪ ಓದಿಕೊಂಡವನಾಗಿ, ಇದು ರಾಬರ್ಟ್ ಬ್ರೂಸ್ ಫೂಟ್ ಹೆಸರಿರಬೇಕು ಅಂದುಕೊಂಡೆ. ಫೂಟ್ ಭೂವಿಜ್ಞಾನಿ, ಭಾರತದ ಪ್ರಾಗಿತಿಹಾಸದ ಅಧ್ಯಯನಕ್ಕೆ ಅಡಿಪಾಯ ಹಾಕಿದವನು. ಊರ ಪಕ್ಕದ ಸಂಗನಕಲ್ಲು, ಕಪ್ಪಗಲ್ಲು ಗುಡ್ಡಗಳಲ್ಲಿ ಹೊಸ ಶಿಲಾಯುಗದ ಜನ ಕಲ್ಲಿನ ಕೊಡಲಿ ಮಾಡುತ್ತಿದ್ದರು ಅನ್ನೋದು ಲೋಕಕ್ಕೆ ಗೊತ್ತಾಗಿದ್ದರಲ್ಲಿ ಅವನ ಪಾಲು ದೊಡ್ಡದು. ಬಳ್ಳಾರಿಯಲ್ಲಿ ಅವನ ಹೆಸರಿನ ವಸ್ತುಸಂಗ್ರಹಾಲಯವೂ ಇದೆ. ಆದರೆ ನಮ್ಮ ಪೇಟೆಯ ಬ್ರೂಸ್ ಅವನಲ್ಲ. ಈ ಬ್ರೂಸ್ ಇಲ್ಲಿ ಅಧಿಕಾರ ನಡೆಸಿದ ಒಬ್ಬ ಬ್ರಿಟಿಷ್ ಅಧಿಕಾರಿ. ಪಕ್ಕದಲ್ಲೇ ಮೆಲ್ಲರ್ ಅನ್ನೋ ಇನ್ನೊಬ್ಬ ಅಧಿಕಾರಿಯ ಹೆಸರಿನ ಪೇಟೆಯೂ ಇತ್ತು. ಒಟ್ಟಿನಲ್ಲಿ ನಾನು ಆರು ವರ್ಷ ಪ್ರತಿ ಅರ್ಜಿಯಲ್ಲೂ ಬರೆದ ವಿಳಾಸ ಬಿಳಿಯರ ಆಡಳಿತದ ಒಂದು ಗುರುತು.

ಆ ಆಡಳಿತ ಇಲ್ಲಿಗೆ ಬಂದದ್ದು 1800ರಲ್ಲಿ. ಟಿಪ್ಪು ಸೋತ ಮೇಲೆ ಈ ಸೀಮೆ ಹೈದರಾಬಾದಿನ ನಿಜಾಮನ ಪಾಲಿಗೆ ಬಂದಿತ್ತು. ತನ್ನ ರಕ್ಷಣೆಗೆ ಇಟ್ಟುಕೊಂಡ ಕಂಪನಿ ಸೈನ್ಯದ ಖರ್ಚಿಗೆ ಬದಲಾಗಿ ನಿಜಾಮ ಇದನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಬಳ್ಳಾರಿ, ಅನಂತಪುರ, ಕಡಪ, ಕರ್ನೂಲಿನ ದೊಡ್ಡ ಭಾಗ ಸೇರಿ "ದತ್ತ ಮಂಡಲ" ಅಂತ ಹೆಸರಾಯಿತು. ದತ್ತ ಅಂದರೆ ಕೊಟ್ಟದ್ದು. ಕೊಡುವಾಗ ಊರನ್ನು ಕೇಳಿದವರು ಯಾರೂ ಇಲ್ಲ. ಥಾಮಸ್ ಮನ್ರೋ 1800ರಿಂದ 1807ರವರೆಗೆ ಇದರ ಪ್ರಧಾನ ಕಲೆಕ್ಟರ್. ಜಮೀನ್ದಾರರನ್ನು ನಡುವೆ ಇಟ್ಟುಕೊಳ್ಳದೆ ನೇರವಾಗಿ ರೈತನ ಹತ್ತಿರವೇ ಕಂದಾಯ ತೆಗೆದುಕೊಳ್ಳುವ ರೈತವಾರಿ ಪದ್ಧತಿಯನ್ನು ಅವನು ಬೆಳೆಸಿದ್ದು ಇದೇ ಸೀಮೆಯಲ್ಲಿ. 1808ರಲ್ಲಿ ದತ್ತ ಮಂಡಲ ಒಡೆದು ಬಳ್ಳಾರಿ, ಕಡಪ ಅಂತ ಎರಡು ಜಿಲ್ಲೆಗಳಾದವು. ಅನಂತಪುರ ಬಳ್ಳಾರಿಯಿಂದ ಬೇರೆಯಾದದ್ದು 1882ರಲ್ಲಿ. ಅಂದರೆ ನೂರು ವರ್ಷಕ್ಕೂ ಹೆಚ್ಚು ಕಾಲ ಕನ್ನಡದ ಹಡಗಲಿ, ಹರಪನಹಳ್ಳಿಯೂ ತೆಲುಗಿನ ಆದೋನಿ, ಆಲೂರೂ ಒಂದೇ ಕಲೆಕ್ಟರ್ ಕಚೇರಿಯ ಮುಂದೆ ಅರ್ಜಿ ಹಿಡಿದು ನಿಲ್ಲುತ್ತಿದ್ದವು. ಆ ಕಚೇರಿ ಇದ್ದದ್ದು ಬಳ್ಳಾರಿಯಲ್ಲಿ.

ಕಚೇರಿ ಬಂದರೆ ವಕೀಲರು ಬರುತ್ತಾರೆ. ದಂಡು ಬಂದರೆ ವ್ಯಾಪಾರಿಗಳು ಬರುತ್ತಾರೆ. ಬಳ್ಳಾರಿ ದೊಡ್ಡ ದಂಡಿನ ಊರಾಯಿತು. ಗುಡ್ಡದ ಒಂದು ಕಡೆ ಕಂಟೋನ್‌ಮೆಂಟು, ಇನ್ನೊಂದು ಕಡೆ ಬ್ರೂಸ್‌ಪೇಟೆಯಂಥ ಪೇಟೆಗಳು, ದಕ್ಷಿಣಕ್ಕೆ ಕೌಲ್ ಬಜಾರ್. ಕೌಲು ಅಂದರೆ ಕರಾರು ಪತ್ರ. ಮದರಾಸು ಸೈನ್ಯದ ಹಿಂದೆ ತಮಿಳರು ಬಂದರು, ದಖನಿ ಉರ್ದುವಿನವರು ಮೊದಲೇ ಇದ್ದರು, ಸಮವಸ್ತ್ರ ಹೊಲಿಯಲು ಮರಾಠಿ ದರ್ಜಿಗಳು ಬಂದರು ಅನ್ನುತ್ತಾರೆ. ಈವತ್ತಿನ ಬಳ್ಳಾರಿ ಜೀನ್ಸಿನ ಮೂಲ ಆ ಸೂಜಿ ದಾರದಲ್ಲಿದೆ ಅಂತ ಊರವರ ನಂಬಿಕೆ. 1870ರ ದಶಕದಲ್ಲಿ ಮದರಾಸು ರೈಲು ಬಂತು. ಹತ್ತಿ, ಜೋಳ, ಮೆಣಸಿನಕಾಯಿ ಮಾರುವವನಿಗೆ ಕನಿಷ್ಠ ಮೂರು ಭಾಷೆ ಬರಲೇಬೇಕಾಯಿತು. ಅವ್ವನ ಮೂರು ನಾಲಿಗೆ ಅಲ್ಲಿಂದ ಬಂದದ್ದು. ಅದು ಯಾರೋ ಹೇರಿದ್ದಲ್ಲ, ಯಾರೋ ತ್ಯಾಗ ಮಾಡಿದ್ದೂ ಅಲ್ಲ. ಪೇಟೆಯಲ್ಲಿ ಬದುಕುವ ರೀತಿ.

ಊರಿನ ಹೆಸರಿಗೂ ಒಂದು ಪೇಟೆ ಕತೆಯಿದೆ. ಊರಿಂದೂರಿಗೆ ಹೋಗುತ್ತಿದ್ದ ವ್ಯಾಪಾರಿಗಳು ಇಲ್ಲಿ ಬಿಡಾರ ಹೂಡಿದಾಗ ಪೂಜೆಗೆ ಲಿಂಗ ಸಿಗಲಿಲ್ಲವಂತೆ. ಕಾಳು ಅಳೆಯುವ ಬಳ್ಳವನ್ನೇ ಬೋರಲು ಹಾಕಿ ಪೂಜೆ ಮಾಡಿದರಂತೆ. ಆ ಬಳ್ಳದಿಂದ ಬಳ್ಳಾರಿ. ಬೇರೆ ಕತೆಗಳೂ ಇವೆ. ನನಗೆ ಇದೇ ಇಷ್ಟ. ಬಳ್ಳಕ್ಕೆ ಜೋಳ ಯಾರ ಹೊಲದ್ದು ಅಂತ ಗೊತ್ತಿರೋದಿಲ್ಲ.

ಬಳ್ಳಾರಿಯ ನಾಟಕದ ಚರಿತ್ರೆ ನೋಡಿದರೆ ಈ ಕಲಸು ಇನ್ನೂ ಚೆನ್ನಾಗಿ ಕಾಣುತ್ತೆ. ತೆಲುಗಿನವರು "ಆಂಧ್ರ ನಾಟಕ ಪಿತಾಮಹ" ಅಂತ ಕರೆಯುವ ಧರ್ಮವರಂ ರಾಮಕೃಷ್ಣಮಾಚಾರ್ಯರು (1853–1912) ವಕೀಲಿ ಮಾಡಿದ್ದು, ಸರಸ ವಿನೋದಿನಿ ಸಭಾ ಕಟ್ಟಿ ನಾಟಕ ಆಡಿಸಿದ್ದು ಬಳ್ಳಾರಿಯಲ್ಲಿ. ಅವರಿಗೆ ಪೈಪೋಟಿಯಾಗಿ ಸುಮನೋರಮ ಸಭಾ ಕಟ್ಟಿದ ಕೋಲಾಚಲಂ ಶ್ರೀನಿವಾಸರಾಯರೂ ಬಳ್ಳಾರಿಯ ವಕೀಲರೇ. ರಾಮಕೃಷ್ಣಮಾಚಾರ್ಯರ ಸೋದರಳಿಯ ಬಳ್ಳಾರಿ ರಾಘವ (1880–1946). ಅವರೂ ವಕೀಲರು, ತೆಲುಗು ರಂಗಭೂಮಿಯ ದೊಡ್ಡ ನಟ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬಣ್ಣ ಹಚ್ಚಿದವರು. ತೆಲುಗು ನಾಟಕದ ಪಿತಾಮಹ ಕರ್ನಾಟಕದ ಊರಿನವರು ಅಂದರೆ ಈವತ್ತಿನ ನಕಾಶೆಯಲ್ಲಿ ತಮಾಷೆಯಾಗಿ ಕಾಣುತ್ತೆ. ಅವರ ಕಾಲದಲ್ಲಿ ಅದು ತಮಾಷೆಯಾಗಿರಲಿಲ್ಲ. ಹಗಲು ಕೋರ್ಟಿನಲ್ಲಿ ಕನ್ನಡದ ಕಕ್ಷಿದಾರ, ಸಂಜೆ ರಂಗದ ಮೇಲೆ ತೆಲುಗಿನ ನಳ ಮಹಾರಾಜ. ಅಷ್ಟೇ ಸಹಜ.

ಹಾಗಾದರೆ ತಂಟೆ ಶುರುವಾದದ್ದು ಯಾವಾಗ? ಒಂದನ್ನು ಮಾತ್ರ ಆರಿಸಿ ಅಂತ ಹೊರಗಿನಿಂದ ಪ್ರಶ್ನೆ ಬಂದಾಗ.

1920ರ ನಾಗಪುರ ಅಧಿವೇಶನದಲ್ಲಿ ಕಾಂಗ್ರೆಸ್ಸು ಭಾಷೆಯ ಪ್ರಕಾರ ಪ್ರಾಂತ ಸಮಿತಿಗಳನ್ನು ಮಾಡಿಕೊಂಡಿತು. ಒಳ್ಳೆಯ ತೀರ್ಮಾನವೇ. ಜನರ ಭಾಷೆಯಲ್ಲೇ ಆಡಳಿತ ನಡೆಯಬೇಕು ಅನ್ನುವ ಆಸೆ ಅದರ ಹಿಂದಿತ್ತು. ಆದರೆ ಬಳ್ಳಾರಿ ಯಾವ ಸಮಿತಿಗೆ? ಕರ್ನಾಟಕವೂ ಕೇಳಿತು, ಆಂಧ್ರವೂ ಕೇಳಿತು. ಪಂಚಾಯ್ತಿ ಮಾಡಲು ಎನ್.ಸಿ. ಕೇಳ್ಕರ್ ಅವರನ್ನು ನೇಮಿಸಬೇಕಾಯಿತು. 1921ರ ಅಕ್ಟೋಬರ್ 1ರಂದು ಗಾಂಧೀಜಿ ಬಳ್ಳಾರಿಗೆ ಬಂದಾಗ ರಾತ್ರಿ ಕಳೆದದ್ದು ರೈಲು ನಿಲ್ದಾಣದಲ್ಲಿ. ಅತಿಥಿ ಯಾರ ಕಡೆಯವರು ಅಂತ ಎರಡೂ ಕಡೆಯವರು ತಕರಾರು ತೆಗೆದದ್ದರಿಂದಲೇ ಹಾಗಾಯಿತು ಅಂತ ಊರಲ್ಲಿ ಹೇಳುತ್ತಾರೆ. ನಿಜವೋ ಕಟ್ಟಿದ್ದೋ, ಊರು ತನ್ನ ಬಗ್ಗೆ ಇಂಥ ಕತೆ ಇಟ್ಟುಕೊಂಡಿದೆ ಅನ್ನೋದು ಮಾತ್ರ ನಿಜ.

1952ರ ಡಿಸೆಂಬರ್ 15ರಂದು ಪೊಟ್ಟಿ ಶ್ರೀರಾಮುಲು ಉಪವಾಸದಲ್ಲಿ ತೀರಿಕೊಂಡರು. ಕೆಲವೇ ದಿನಗಳಲ್ಲಿ ಆಂಧ್ರ ರಾಜ್ಯದ ಘೋಷಣೆಯಾಯಿತು. ಮದರಾಸನ್ನು ಒಡೆಯುವಾಗ ಬಳ್ಳಾರಿ ಜಿಲ್ಲೆಯನ್ನೂ ಒಡೆಯಬೇಕಾಯಿತು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ. ಹೊಸಪೇಟೆ, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ, ಸಂಡೂರು, ಸಿರುಗುಪ್ಪ ಮೈಸೂರಿಗೆ. ಉಳಿದದ್ದು ಬಳ್ಳಾರಿ ತಾಲ್ಲೂಕು. ಹಳ್ಳಿಗಳಲ್ಲಿ ಕನ್ನಡ ಹೆಚ್ಚು, ಪೇಟೆಯಲ್ಲಿ ಕನ್ನಡ, ತೆಲುಗು, ಉರ್ದು ಕಲಸುಮೇಲೋಗರ. ಹೈದರಾಬಾದ್ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಲ್.ಎಸ್. ಮಿಶ್ರಾ ಅವರ ಆಯೋಗ ಬಂದು ಎರಡೂ ಕಡೆಯ ವಾದ ಕೇಳಿತು. ಇಡೀ ತಾಲ್ಲೂಕು, ಊರೂ ಸೇರಿ, ಮೈಸೂರಿಗೆ ಹೋಗಬೇಕು ಅಂತ ವರದಿ ಕೊಟ್ಟಿತು. 1953ರ ಅಕ್ಟೋಬರ್ 1, ಗಾಂಧೀಜಿ ಬಂದ ಅದೇ ತಾರೀಖು, ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು.

ಆ ದಿನ ಪುಕ್ಕಟೆಯಾಗಿ ಬರಲಿಲ್ಲ. ಸಂಭ್ರಮಕ್ಕೆ ಹಾಕಿದ್ದ ಪೆಂಡಾಲನ್ನು ಹಿಂದಿನ ರಾತ್ರಿ ಕಾಯುತ್ತಿದ್ದ ಪಿಂಜಾರ ರಂಜಾನ್ ಸಾಬ್ ಮೇಲೆ ಆಸಿಡ್ ಬಲ್ಬು ಎಸೆದರು. ಅವರು ಬದುಕಲಿಲ್ಲ. ಕರ್ನಾಟಕದ ಏಕೀಕರಣಕ್ಕೆ ಪ್ರಾಣ ಕೊಟ್ಟವರಲ್ಲಿ ಅವರ ಹೆಸರು ಬರುತ್ತೆ. ಪ್ರತಿ ನವೆಂಬರಿನಲ್ಲಿ ನಮ್ಮ ಆಫೀಸಿನಲ್ಲಿ ಕೆಂಪು ಹಳದಿ ಶಾಲು ಹಾಕಿಕೊಂಡು ಫೋಟೋ ತೆಗೆಸಿಕೊಳ್ಳುವಾಗ ನನಗೆ ಆ ಪೆಂಡಾಲು ನೆನಪಾಗುತ್ತೆ. ಆ ಶಾಲಿನ ಬಗ್ಗೆ ನನಗೆ ಹಗುರ ಮಾತಿಲ್ಲ. ಕನ್ನಡ ಶಾಲೆಯಲ್ಲಿ ಓದಿ, ಕನ್ನಡದಲ್ಲಿ ಅರ್ಜಿ ಬರೆದು ಇಲ್ಲಿಯವರೆಗೆ ಬಂದವನು ನಾನು. ಬಳ್ಳಾರಿ ಕರ್ನಾಟಕದಲ್ಲಿ ಇರಬೇಕಾಗಿತ್ತು, ಇದೆ. ಒಳ್ಳೆಯದೇ ಆಯಿತು.

ಆದರೂ ಕತೆ ಅಲ್ಲಿಗೆ ಮುಗಿಯಲಿಲ್ಲ ಅನ್ನೋದು ನನಗೇ ತಡವಾಗಿ ಗೊತ್ತಾದದ್ದು. 1955ರಲ್ಲಿ ಫಜಲ್ ಅಲಿ ಅಧ್ಯಕ್ಷತೆಯ ರಾಜ್ಯ ಪುನರ್ವಿಂಗಡಣಾ ಆಯೋಗ ತನ್ನ ವರದಿಯಲ್ಲಿ ಬಳ್ಳಾರಿ, ಹೊಸಪೇಟೆ, ಸಿರುಗುಪ್ಪ ತಾಲ್ಲೂಕುಗಳನ್ನು, ಜೊತೆಗೆ ಮಲ್ಲಾಪುರ ಉಪತಾಲ್ಲೂಕಿನ ಒಂದು ಭಾಗವನ್ನು, ಮತ್ತೆ ಆಂಧ್ರಕ್ಕೆ ಕೊಡಿ ಅಂದಿತು. ಕಾರಣ ಭಾಷೆಯಲ್ಲ, ನೀರು. 1945ರಲ್ಲಿ ಶುರುವಾದ ತುಂಗಭದ್ರಾ ಅಣೆಕಟ್ಟಿನಿಂದ ಅಷ್ಟು ಹೊತ್ತಿಗೆ ನೀರು ಹರಿಯುತ್ತಿತ್ತು. ಬಲದಂಡೆಯ ಕೆಳಮಟ್ಟದ ಕಾಲುವೆ ನಮ್ಮ ಕಡೆಯಿಂದಲೇ ಹಾದು ಆಂಧ್ರದ ಆಲೂರು, ಆದೋನಿ ಸೀಮೆಗೆ ಹೋಗುತ್ತೆ. ಬರಗಾಲದ ಆ ನೆಲಕ್ಕೆ ಆ ನೀರೇ ಗತಿ. ಕಾಲುವೆಯೂ ಅಣೆಕಟ್ಟೂ ಒಂದೇ ರಾಜ್ಯದಲ್ಲಿರಲಿ ಅನ್ನುವ ಲೆಕ್ಕ. ಇಲ್ಲಿ ದೊಡ್ಡ ವಿರೋಧ ಎದ್ದಿತು. ಕೇಂದ್ರ ಸರ್ಕಾರ ಆ ಶಿಫಾರಸನ್ನು ಒಪ್ಪಲಿಲ್ಲ. 1956ರ ನವೆಂಬರ್ 1ರಂದು ವಿಶಾಲ ಮೈಸೂರು ಆದಾಗ ನಾವು ಇದ್ದಲ್ಲೇ ಉಳಿದೆವು. ಕಾಲುವೆ ನೋಡಿಕೊಳ್ಳಲು ತುಂಗಭದ್ರಾ ಮಂಡಳಿ ಇತ್ತು, ಈಗಲೂ ಇದೆ.

ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಪಕ್ಕಾ ಕನ್ನಡದ ನನ್ನ ಅಪ್ಪನ ಹಳ್ಳಿ, ಒಂದು ಶಿಫಾರಸು ಒಪ್ಪಿಗೆಯಾಗಿದ್ದಿದ್ದರೆ, ಆಂಧ್ರದಲ್ಲಿರುತ್ತಿತ್ತು. ಅಪ್ಪ ತೆಲುಗು ಮೀಡಿಯಂನಲ್ಲಿ ಓದುತ್ತಿದ್ದರು. ನಾನು ಹೈದರಾಬಾದಿಗೆ ಕೆಲಸಕ್ಕೆ ಹೋಗಿ, ಅಲ್ಲಿ ಯಾರೋ "ನೀವು ಮನೇಲಿ ಕನ್ನಡಾನಾ?" ಅಂತ ಕೇಳಿದರೆ, "ಇಲ್ಲಿಲ್ಲ, ತೆಲುಗೇ, ಪಕ್ಕಾ" ಅನ್ನುತ್ತಿದ್ದೆನೋ ಏನೋ. ಆಗ ಮುಚ್ಚಿಡುತ್ತಿದ್ದದ್ದು ಅವ್ವನನ್ನಲ್ಲ, ಅಪ್ಪನ ತಾಯಿಯನ್ನು.

ಅವ್ವನ ತವರು ಆಲೂರು. 1953ರಲ್ಲಿ ಅವಳಿಗೆ ಹದಿಮೂರೋ ಹದಿನಾಲ್ಕೋ. ಅಲ್ಲಿಯವರೆಗೆ ಅವಳ ಅಪ್ಪನಿಗೆ ಕೋರ್ಟು, ಕಚೇರಿ, ಆಸ್ಪತ್ರೆ, ಮದುವೆ ಸೀರೆ ಎಲ್ಲಕ್ಕೂ ಬಳ್ಳಾರಿಯೇ. ಆಮೇಲೆ ಹೊಲದ ಕಾಗದಪತ್ರ ಇದ್ದರೆ ಕರ್ನೂಲಿಗೆ ಹೋಗಬೇಕಾಯಿತು, ಅದು ಬಳ್ಳಾರಿಗಿಂತ ಎಷ್ಟೋ ದೂರ. ಸೀರೆಗೆ, ಆಸ್ಪತ್ರೆಗೆ, ಹೆಣ್ಣು ಗಂಡು ನೋಡಲಿಕ್ಕೆ ಮಾತ್ರ ಬಳ್ಳಾರಿಗೆ ಬರೋದು ನಿಲ್ಲಲಿಲ್ಲ. ಹಾಗೇ ಅವಳ ಮದುವೆಯೂ ಬ್ರೂಸ್‌ಪೇಟೆಗೆ ಆಯಿತು.

"ಬ್ಯಾರೆ ರಾಜ್ಯಕ್ಕೆ ಬಂದಂಗ ಅನ್ನಿಸ್ಲಿಲ್ಲೇನವ್ವಾ?" ಅಂತ ಒಮ್ಮೆ ಕೇಳಿದ್ದೆ.

"ಬಸ್ಸೂ ಅದೇ, ರಸ್ತಿನೂ ಅದೇ. ನಡುವ ಒಂದು ಬೋರ್ಡು ಬಂದಿತ್ತು ನೋಡಪ್ಪ. ನನಗ ಓದಾಕ ಬರ್ತಿದ್ದಿಲ್ಲ" ಅಂದಳು.

ಈಗ ಆ ಫೋನಿನ ವಿಷಯಕ್ಕೆ ಬರುತ್ತೇನೆ. ಬೆಂಗಳೂರಿಗೆ ಬಂದ ಮೊದಲ ವರ್ಷ. ಆಫೀಸಿನಲ್ಲಿ ಟೀ ಹೊತ್ತು. ನಾಲ್ಕೈದು ಜನ ನಿಂತಿದ್ದೆವು. ಯಾವುದೋ ಸಿನಿ‌ಮಾದ ಮಾತು ಹೊರಟು, "ಬೆಂಗಳೂರಲ್ಲಿ ತೆಲುಗರದ್ದೇ ಆಗಿಹೋಯ್ತು" ಅಂತ ಒಬ್ಬ ಅಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಇನ್ನೊಬ್ಬ ನನ್ನ ಕಡೆ ತಿರುಗಿ, "ನೀನು ಬಳ್ಳಾರಿಯವನಲ್ವಾ, ನಿಂದೇನು?" ಅಂದ. ನಾನು ಮಾಮೂಲಿ ಉತ್ತರ ಕೊಟ್ಟೆ. ಅಷ್ಟರಲ್ಲಿ ಫೋನು ಬಂತು. ಅವ್ವ.

"ಏಂ ನಾಯನಾ, ತಿಂಟಿವಾ?" ಅಂದಳು. ಊಟ ಆಯಿತಾ ಅಂತ. ದಿನಾ ಕೇಳುವ ಮಾತು.

"ಹಾಂ, ಆಯ್ತು. ಆಮೇಲೆ ಮಾಡ್ತೀನಿ" ಅಂದೆ, ಕನ್ನಡದಲ್ಲಿ, ಗಟ್ಟಿಯಾಗಿ, ಪಕ್ಕದವರಿಗೂ ಕೇಳುವ ಹಾಗೆ.

ಅವಳು ಒಂದು ಕ್ಷಣ ಸುಮ್ಮನಾದಳು. ಆಮೇಲೆ ಕನ್ನಡಕ್ಕೆ ಹೊರಳಿದಳು. ನನಗೆ ಬೈಯುವಾಗಿನ ಕನ್ನಡ ಅಲ್ಲ, ಬ್ಯಾಂಕಿಗೆ ಹೋದಾಗ ಮ್ಯಾನೇಜರ್ ಮುಂದೆ ಆಡುವ ಕನ್ನಡ. "ಸರಿಯಪ್ಪ. ಕೆಲ್ಸದಾಗ ಇದ್ದೀರೇನೋ. ಇಡ್ತೀನಿ." ಮೊಮ್ಮಗನಿಗೆ "ಇದ್ದೀರೇನೋ". ಅಂದಿನಿಂದ ಆಫೀಸಿನ ಹೊತ್ತಿನಲ್ಲಿ ಅವಳು ಫೋನು ಮಾಡೋದು ಕಡಿಮೆಯಾಯಿತು. ಮಾಡಿದರೂ ಮೊದಲು ಕನ್ನಡದಲ್ಲಿ ಶುರು ಮಾಡಿ, ನನ್ನ ದನಿ ನೋಡಿಕೊಂಡು ಆಮೇಲೆ ತೆಲುಗಿಗೆ ಬರುತ್ತಿದ್ದಳು. ನಾವಿಬ್ಬರೂ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಎರಡು ನಾಲಿಗೆ ಅನ್ನೋದು ಕನ್ನಡದಲ್ಲಿ ಬೈಗುಳ, ಮಾತಿಗೆ ತಪ್ಪುವವನು ಅಂತ ಅರ್ಥ. ಮೂರು ನಾಲಿಗೆಯ ಅವ್ವ ಯಾರ ಮುಂದೆಯೂ ಯಾವುದನ್ನೂ ಮುಚ್ಚಿಟ್ಟಿರಲಿಲ್ಲ. ಒಂದೇ ಸಾಕು ಅಂದುಕೊಂಡ ನಾನು ಮುಚ್ಚಿಟ್ಟೆ.

ಇದೆಲ್ಲ ಮತ್ತೆ ಎದ್ದು ಬಂದದ್ದು ಒಂದು ಸಣ್ಣ ಕೆಲಸದಿಂದ. ನಮ್ಮ ತಂಡ ಒಂದು ಅರ್ಜಿ ನಮೂನೆ ಮಾಡುತ್ತಿತ್ತು. ಹೆಸರು, ಹುಟ್ಟಿದ ದಿನಾಂಕ, ಮಾತೃಭಾಷೆ. ಮಾತೃಭಾಷೆಗೆ ಡ್ರಾಪ್‌ಡೌನ್. ಕೆಳಗೆ ಸಣ್ಣಕ್ಷರದಲ್ಲಿ "ಒಂದನ್ನು ಮಾತ್ರ ಆರಿಸಿ." ಆ ಕೋಡು ಬರೆದವನು ನಾನೇ. ಟೆಸ್ಟ್ ಮಾಡಲು ನನ್ನದೇ ವಿವರ ತುಂಬುತ್ತಾ ಬಂದು ಆ ಪಟ್ಟಿಯ ಮುಂದೆ ಕೈ ನಿಂತಿತು. ಮಾತೃಭಾಷೆ. ಮಾತೃ ಅಂದರೆ ತಾಯಿ. ನನ್ನ ತಾಯಿಯ ಭಾಷೆ ತೆಲುಗು. ನನ್ನ ಭಾಷೆ ಕನ್ನಡ. ಕಂಪ್ಯೂಟರಿನ ಮುಂದೆ ಕೂತು ಹತ್ತು ನಿಮಿಷ ಸುಮ್ಮನಿದ್ದೆ.

ಮೀಟಿಂಗಿನಲ್ಲಿ, ಒಂದಕ್ಕಿಂತ ಹೆಚ್ಚು ಆರಿಸಲು ಬಿಡೋಣ ಅಂದೆ. "ಅದು ಎಡ್ಜ್ ಕೇಸು. ಎಷ್ಟು ಜನಕ್ಕೆ ಬೇಕಾಗುತ್ತೆ?" ಅಂದರು. ಎಡ್ಜ್ ಅಂದರೆ ಅಂಚು, ಗಡಿ. ನಾನು ಅಂಚಿನಿಂದಲೇ ಬಂದವನು ಅಂತ ಹೇಳಬೇಕು ಅನ್ನಿಸಿತು. ಹೇಳಲಿಲ್ಲ. ನಮ್ಮೂರ ಕೋಟೆಯ ಕತೆ ಮಾತ್ರ ಹೇಳಿದೆ. ಹೈದರಾಲಿಗೆ ಕೋಟೆ ಕಟ್ಟಿಕೊಟ್ಟ ಫ್ರೆಂಚ್ ಇಂಜಿನಿಯರನಿಗೆ ಪಕ್ಕದ ಕುಂಬಾರ ಗುಡ್ಡ ಕೋಟೆಗಿಂತ ಎತ್ತರ ಇದೆ ಅನ್ನೋದು ಕಾಣಲೇ ಇಲ್ಲವಂತೆ. ಕಟ್ಟಿ ಮುಗಿದ ಮೇಲೆ ಹೈದರ್ ನೋಡಿದನಂತೆ, ಇಂಜಿನಿಯರನನ್ನು ಗಲ್ಲಿಗೆ ಹಾಕಿಸಿದನಂತೆ. ಕೋಟೆ ಬಾಗಿಲ ಹತ್ತಿರ ಅವನ ಸಮಾಧಿ ಅಂತ ಈಗಲೂ ತೋರಿಸುತ್ತಾರೆ. "ಪಕ್ಕದಲ್ಲಿರೋ ಗುಡ್ಡಾನೇ ನಮಗೆ ಕಾಣೋದಿಲ್ಲ ನೋಡಿ" ಅಂದೆ. ಎಲ್ಲರೂ ನಕ್ಕರು. ನನ್ನ ಟಿಕೆಟ್ಟು ಬ್ಯಾಕ್‌ಲಾಗಿಗೆ ಹೋಯಿತು. ಆದ್ಯತೆ ಕಡಿಮೆ. ಇನ್ನೂ ಅಲ್ಲೇ ಇದೆ.

ಆ ಸಲ ಹಬ್ಬಕ್ಕೆ ಬಳ್ಳಾರಿಗೆ ಹೋದಾಗ ಅವ್ವನನ್ನು ಕೇಳಿದೆ. "ಜನಗಣತಿಯವ್ರು ಬಂದಾಗ ಭಾಷೆ ಯಾವ್ದು ಅಂತ ಬರೆಸ್ತಿದ್ದಿ?"

ಅವಳಿಗೆ ಪ್ರಶ್ನೆಯೇ ವಿಚಿತ್ರ ಅನ್ನಿಸಿತು. "ನಾನೆಲ್ಲಿ ಬರೆಸ್ಲಿ? ಮೇಷ್ಟ್ರು ಬಂದು ಕನ್ನಡದಾಗ ಕೇಳಿದ್ರು, ಕನ್ನಡದಾಗ ಹೇಳ್ದೆ. ಅವ್ರೇ ಬರ್ಕೊಂಡು ಹೋದ್ರು. ಹಿಂದ ಒಬ್ರು ತೆಲುಗು ಮೇಷ್ಟ್ರು ಬಂದಿದ್ರು. ಅವಾಗ ತೆಲುಗಿನಾಗ ಹೇಳಿದ್ದೆ."

ಒಂದು ಊರು ಯಾವ ರಾಜ್ಯದಲ್ಲಿರಬೇಕು ಅಂತ ತೂಗುವಾಗ ತಕ್ಕಡಿಗೆ ಹಾಕಿದ ಅಂಕಿಗಳಲ್ಲಿ ಎಷ್ಟು ಹೀಗೆ ಬರೆದುಕೊಂಡವೋ ಅಂತ ನಾನು ಯೋಚಿಸುತ್ತಿದ್ದೆ. ಅವ್ವ ಅಷ್ಟರಲ್ಲಿ ಎದ್ದು, ತರಕಾರಿ ಗಾಡಿಯವನ ಹತ್ತಿರ ಬದನೆಕಾಯಿಗೆ ಉರ್ದುವಿನಲ್ಲಿ ಜಗಳಕ್ಕೆ ನಿಂತಿದ್ದಳು.

ಮೊನ್ನೆ ಮಧ್ಯಾಹ್ನ ಆಫೀಸಿನಲ್ಲಿದ್ದಾಗ ಫೋನು ಬಂತು. ಅದೇ ಟೀ ಹೊತ್ತು, ಸುತ್ತ ಜನ. ಎತ್ತಿದ ಕೂಡಲೇ, ಅವಳು ಬಾಯಿ ತೆರೆಯುವ ಮುಂಚೆಯೇ, "ಚೆಪ್ಪವ್ವಾ, ತಿಂಟಿವಾ?" ಅಂದೆ. ಗಟ್ಟಿಯಾಗಿ. ಯಾರೂ ತಿರುಗಿ ನೋಡಲಿಲ್ಲ. ಆ ಕಡೆ ಮಾತ್ರ ಸ್ವಲ್ಪ ಹೊತ್ತು ದನಿ ಇಲ್ಲ.

ಆಮೇಲೆ ಕನ್ನಡದಲ್ಲಿ ಗಾಬರಿಯಿಂದ ಕೇಳಿದಳು. "ಯಾಕಪ್ಪ, ಇವತ್ತು ಆಫೀಸಿಗೆ ಹೋಗಿಲ್ಲೇನು?"